ಕಾಲಿಗೂ ಬಡಿಸುವ ಟೈಲರ್ ಮಾಮ

ನಮ್ಮ ಮಹಡಿ ಮೇಲಿನ ಟೈಲರ್ ಮಾಮನ ಮನೆಯಲ್ಲಿ ಊಟ ಮುಗಿಯಿತೆಂದು ನಮಗೆ ತಿಳಿಯುವುದು ತಲೆಯ ಮೇಲೆ ಧಡಧಡ ಸದ್ದು ಶುರುವಾದಾಗ. ‘ಹೊಟ್ಟೆ ಉಂಡಾಯ್ತು, ಇನ್ನು ಕಾಲಿಗೂ ಬಡಿಸ್ಬೇಕಲ್ಲಪ್ಪ’ ಎನ್ನುತ್ತ ಅವರು ಹೆಂಡತಿಯನ್ನು, ಅಂದರೆ ನಮ್ಮೆಲ್ಲರ ಅತ್ತೆಯನ್ನು, ಎಬ್ಬಿಸಿಕೊಂಡು ವರಾಂಡದ ಉದ್ದಕ್ಕೂ ಅಡ್ಡಾಡುತ್ತಾರೆ. ಅತ್ತೆಗೆ ಸಕ್ಕರೆ ಕಾಯಿಲೆ; ‘ನಂದು ಅವಳಿಗಿಂತ ಒಂದು ಕೈ ಮೇಲೆ’ ಎಂದು ಮಾಮ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ‘ಉಂಡಿದ್ದು ಸಕ್ಕರೆಯಾಗಿ ರಕ್ತಕ್ಕೆ ಇಳಿಯುತ್ತೆ. ನಾವು ಕೂತ್ರೆ ಅದೂ ಅಲ್ಲೇ ಕೂತು ಕಿತಾಪತಿ ಮಾಡುತ್ತೆ. ನಡೆದ್ರೆ ಕಾಲಿನ ಸ್ನಾಯುಗಳೇ ಎಳ್ಕೊಂಡು ತಿಂದ್ಬಿಡುತ್ವೆ’ ಎಂಬುದು ಅವರ ಮಂತ್ರ. ತಟ್ಟೆಯಲ್ಲೂ ಅವರದೇ ಕಾನೂನು: ಸೊಪ್ಪು, ಕಾಳು ಮೊದಲು, ಅನ್ನ ಕಡೆಗೆ, ಅದೂ ಮುಖ ತೋರಿಸಿ ಹೋಗುವಷ್ಟು. ಊಟವಾದ ಕೂಡಲೇ ಗಿರಾಕಿ ಬಂದರೆ ಅವನನ್ನೂ ನಡೆಸುತ್ತಲೇ ಅಳತೆ ತೆಗೆಯುತ್ತಾರೆ. ಆದರೂ ಅವರು ಹೊಲಿದ ಅಂಗಿ ಇದುವರೆಗೆ ಯಾರ ಕಂಕುಳಲ್ಲೂ ಹಿಡಿದದ್ದಿಲ್ಲ. ಇಷ್ಟೆಲ್ಲ ಮಾಡಿಯೂ ಪಾಪ, ಇವರ ಸಕ್ಕರೆ ಇಳಿಯದಲ್ಲ ಎಂದು ನಾನು ಮರುಗುತ್ತಿದ್ದೆ. ಮೊನ್ನೆ ಬೆಳಿಗ್ಗೆ ಅಂಗಿ ತರಲು ಹೋದಾಗ ಮಾಮ ತಮ್ಮ ಬೆರಳಿಗೆ ಸೂಜಿ ಚುಚ್ಚಿಕೊಂಡು, ಸಕ್ಕರೆ ನೋಡುವ ಪುಟ್ಟ ಯಂತ್ರ ಹಿಡಿದು ಕೂತಿದ್ದರು. ‘ಅಯ್ಯೋ, ನಂದು ಇವತ್ತೂ ಏರಿದೆ ಕಣೇ! ನಿಂದು ನೋಡೋಣ, ಬೆರಳು ಕೊಡು.’ ಸೂಜಿ ಕಂಡರೆ ನಡುಗುವ ಅತ್ತೆ, ‘ನಿಮ್ಮಷ್ಟಂತೂ ಇರಲ್ಲ ಬಿಡಿ’ ಎಂದು ನಗುತ್ತಲೇ ಕೈಚಾಚಿದರು. ನಾನು ಮಾಮನ ಹೆಗಲ ಮೇಲಿಂದ ಬಗ್ಗಿ ಯಂತ್ರದಲ್ಲಿದ್ದ ಅವರ ಅಂಕಿ ನೋಡಿದೆ: ಕಾಯಿಲೆಯ ಗಾಳಿಯೂ ಸೋಕದವರದು. ಮಾಮ ಕಣ್ಣಲ್ಲೇ ನನ್ನ ಬಾಯಿಗೆ ಬೀಗ ಹಾಕಿ, ಹೊಸ ಸೂಜಿ ತೆಗೆದು, ಅತ್ತೆಯ ಬೆರಳನ್ನು ರೇಷ್ಮೆ ಬಟ್ಟೆಯಂತೆ ಹಿಡಿದುಕೊಂಡರು: ‘ಒಂದೇ ಒಂದು ಹೊಲಿಗೆ ಕಣೇ, ಆಗೋಯ್ತು.’