ಕತ್ತು ನೋಡುತ್ತಿದ್ದ ಡಾಕ್ಟ್ರಮ್ಮ

ಡಾಕ್ಟ್ರಮ್ಮನ ಬಲಗೈ ಹೆಬ್ಬೆರಳ ಬುಡ ಬೀಡಿ ಕಟ್ಟುವವರ ಬೆರಳಿನ ಹಾಗೆ ಜಡ್ಡುಗಟ್ಟಿತ್ತು. ಸ್ಕ್ಯಾನಿಂಗ್ ಯಂತ್ರದ ಹಿಡಿ ಹಿಡಿದೂ ಹಿಡಿದೂ ಆದದ್ದು. ಮಧುಗಿರಿಯ ಅವರ ಸೆಂಟರಿನಲ್ಲಿ ನಾನು ಒಂಬತ್ತು ವರ್ಷ ರಿಪೋರ್ಟ್ ಟೈಪ್ ಮಾಡಿದೆ. ಮೈಗೆ ಹಚ್ಚುವ ಜೆಲ್ಲನ್ನು ಬಿಸಿನೀರಲ್ಲಿಟ್ಟು ಬೆಚ್ಚಗೆ ಮಾಡದೆ ಅವರು ಯಾರನ್ನೂ ಮುಟ್ಟುತ್ತಿರಲಿಲ್ಲ. ಬಾಯಿ ಜೋರು; ರಿಪೋರ್ಟಿನಲ್ಲಿ ಒಂದಕ್ಷರ ತಪ್ಪಿದರೂ ನನ್ನ ಗ್ರಹಚಾರ ಬಿಡಿಸುತ್ತಿದ್ದರು.

ಕತ್ತಿನ ರಕ್ತನಾಳ ನೋಡುವಾಗ ಮಾತ್ರ ಮಾತೇ ಇಲ್ಲ. ನಾಳದ ಗೋಡೆಗೆ ಕೊಬ್ಬು ಅಂಟಿದ್ದರೆ, ಎಷ್ಟು ಅಡ್ಡಗಟ್ಟಿದೆ ಎಂದು ಅಳೆದು ಸುಮ್ಮನಾಗುತ್ತಿರಲಿಲ್ಲ, ಅದು ಎಂಥದ್ದು ಎಂದು ನೋಡುತ್ತಿದ್ದರು. ಪರದೆ ಮೇಲೆ ಬೆಳ್ಳಗೆ ಕಂಡರೆ ಗಟ್ಟಿ, ಕೂತಲ್ಲೇ ಕೂತಿರುತ್ತೆ. ಕಪ್ಪಗಿದ್ದರೆ ಮೆತ್ತಗೆ, ಕೆನೆ ಕಟ್ಟಿದ ಗಂಜಿಯ ಹಾಗೆ. ಆ ಕೆನೆ ಹರಿದರೆ ಚೂರು ಮಿದುಳಿಗೆ ಹೋಗಿ ಲಕ್ವ ಹೊಡೆಯುತ್ತೆ ಎನ್ನುತ್ತಿದ್ದರು.

ನಮ್ಮಪ್ಪ ಕೊಡಿಗೇನಹಳ್ಳಿ ರೂಟಿನಲ್ಲಿ ಖಾಸಗಿ ಬಸ್ಸಿನ ಡ್ರೈವರ್. ಒಂದು ಬೆಳಿಗ್ಗೆ ಉಣ್ಣುವಾಗ ಬಲಗೈ ಸೋತು ತುತ್ತು ಜಾರಿತು; ಹತ್ತು ನಿಮಿಷಕ್ಕೆ ಸರಿಹೋಯಿತು. ದೃಷ್ಟಿಯಾಗಿದೆ ಎಂದು ಅಮ್ಮ ಉಪ್ಪು, ಮೆಣಸಿನಕಾಯಿ ನಿವಾಳಿಸಿದಳು, ಅಪ್ಪ ಡ್ಯೂಟಿಗೆ ಹೊರಟೇಬಿಟ್ಟ. ನಾನು ಅತ್ತು ಕರೆದು ಸೆಂಟರಿಗೆ ಎಳೆದುತಂದೆ.

ಎಡಗಡೆ ಕತ್ತಿನಲ್ಲಿ ಅಡ್ಡಗಟ್ಟಿದ್ದು ಅರ್ಧದಷ್ಟೇ, ಆದರೆ ಕಪ್ಪಗಿತ್ತು. ಆಪರೇಷನ್ನಿಗೆ ಇವತ್ತೇ ಬೆಂಗಳೂರಿಗೆ ಹೊರಡಿ ಎಂದರು ಡಾಕ್ಟ್ರಮ್ಮ. ಕೈ ಸರಿಹೋಯ್ತಲ್ಲ, ಮಧ್ಯಾಹ್ನ ಎರಡು ಗಂಟೆಯ ಟ್ರಿಪ್ ಮುಗಿಸಿ ನೋಡೋಣ ಎಂದು ಅಪ್ಪ ಅಂಗಿ ಗುಂಡಿ ಹಾಕತೊಡಗಿದ. ಡಾಕ್ಟ್ರಮ್ಮ ಸ್ಟೂಲ್ ಎಳೆದುಕೊಂಡು ಎದುರು ಕೂತರು.

"ಯಜಮಾನ್ರೇ, ತಾವರೆಕೆರೆಯಿಂದ ಒಬ್ರು ಬಂದಿದ್ರು. ಹಿಂಗೇ ಇತ್ತು. ಅರ್ಧ ತಾನೆ, ಅವಸರ ಇಲ್ಲ ಅಂತ ಬರ್ದು ಕಳಿಸ್ಬುಟ್ಟೆ. ಎಂಟು ದಿನಕ್ಕೆ ಲಕ್ವ ಹೊಡ್ದು ಹೋಗ್ಬುಟ್ರು. ಬರ್ದಿದ್ದು ನಾನೇ, ತಪ್ಪು ನಂದೇ."

ನಾನು ಕೆಲಸಕ್ಕೆ ಸೇರುವ ಮುಂಚಿನ ಆ ವಿಷಯ ನನಗೂ ಗೊತ್ತಿರಲಿಲ್ಲ. ಅಪ್ಪ ಗುಂಡಿ ಹಾಕುವುದನ್ನು ಅಲ್ಲಿಗೇ ಬಿಟ್ಟ. ಆಮೇಲೆ ಓನರಿಗೆ ಫೋನ್ ಮಾಡಿ, ಬೇರೆ ಡ್ರೈವರ್ ನೋಡಿಕೊಳ್ಳಲು ಹೇಳಿದ. ಮೂರನೇ ದಿನ ಆಪರೇಷನ್ ಆಯಿತು. ಒಳಗೆ ಕೆನೆ ಆಗಲೇ ಬಿರಿಯಲು ಶುರುವಾಗಿತ್ತಂತೆ.

ಹೋದ ವರ್ಷ ಡಾಕ್ಟ್ರಮ್ಮ ಕ್ಯಾನ್ಸರಿನಿಂದ ತೀರಿಕೊಂಡರು. ಬೈಯುವವರಿಲ್ಲದೆ ನನಗೆ ಕೆಲಸವೇ ಬೇಡವೆನಿಸಿತು. ಈ ಸಲ ಪಿತೃಪಕ್ಷದಲ್ಲಿ ನಮ್ಮ ಹಿರಿಯರಿಗೆ ಎಡೆ ಇಟ್ಟಾದ ಮೇಲೆ ಅಪ್ಪ ಇನ್ನೂ ಎರಡು ಎಲೆ ಹಾಕಿಸಿದ. ಒಂದು ಡಾಕ್ಟ್ರಮ್ಮನಿಗೆ ಎಂದು ಕೇಳದೆಯೇ ತಿಳಿಯಿತು. ಇನ್ನೊಂದು ಯಾರಿಗಪ್ಪ ಎಂದೆ.

"ಹೆಸ್ರು ಗೊತ್ತಿಲ್ಲ ಕಣಮ್ಮ," ಎಂದ ಅಪ್ಪ, ಅನ್ನ ಬಡಿಸುತ್ತಾ. "ತಾವರೆಕೆರೆಯೋರು."