ಅಬು ಯಾಸನ ಕರೆಂಟಿನ ಮೇಲೆ ಬಂದ ಅಪವಾದ

ಅಬು ಯಾಸ್ ಕಿವುಡನೆಂದು ನಾವೆಲ್ಲ ಬಹಳ ಕಾಲ ನಂಬಿದ್ದೆವು. ಬಗ್ದಾದಿನ ಕರ್ರಾದದಲ್ಲಿ, ನಮ್ಮ ಗಲ್ಲಿಯ ಬಾಯಿಗೆ, ತಗಡಿನ ಚಪ್ಪರದಡಿ ಅವನು ಗಲ್ಲಿಯ ಮನೆಗಳಿಗೆಲ್ಲ ಕರೆಂಟು ಮಾರುತ್ತಿದ್ದ, ಲಾರಿಯಷ್ಟು ದೊಡ್ಡ ಜನರೇಟರು. ಅದರ ಮಗ್ಗುಲಲ್ಲೇ ವರ್ಷಗಟ್ಟಲೆ ಕೂತವನ ಕಿವಿ ನೆಟ್ಟಗಿರುವುದುಂಟೆ? “ನಿನ್ನೆ ಸಂಜೆಯೆಲ್ಲ ಕರೆಂಟಿರಲಿಲ್ಲ” ಎಂದರೆ ಮುಗುಳ್ನಕ್ಕು ಚಹಾ ಲೋಟ ಎತ್ತುತ್ತಿದ್ದ. “ಹೊಗೆ ಪೂರ್ತಿ ನಮ್ಮ ಅಡುಗೆಮನೆಗೆ ಬರುತ್ತೆ” ಎಂದರೆ ಆಕಾಶ ನೋಡುತ್ತಿದ್ದ. ಪಾಪ ಎಂದುಕೊಂಡು ನಾವು ಕೈಸನ್ನೆಯಲ್ಲೇ ವ್ಯವಹಾರ ನಡೆಸುತ್ತಿದ್ದೆವು. ಒಂದು ದಿನ ಯಂತ್ರದ ಆಚೆ ಬದಿಯಲ್ಲಿ ಯಾರೋ ಪಿಸುಮಾತಿನಲ್ಲಿ, “ಇವನು ಮೀಸೆಗೆ ಬಣ್ಣ ಹಚ್ಚಿದ್ದಾನೆ ಕಣೋ” ಎಂದರು. “ನಿಮ್ಮಪ್ಪನ ಅಂಗಡಿಯಿಂದ್ಲೇ ತಂದಿದ್ದು!” ಎಂದು ಈಚೆಯಿಂದ ಉತ್ತರ ಬಂತು. ಆತನಿಗೆ ಕೇಳಿಸದೆ ಇದ್ದದ್ದು ದೂರುಗಳು ಮಾತ್ರ ಎಂದು ಅವತ್ತು ತಿಳಿಯಿತು.

ದೂರಿಗೆ ಕಿವಿಗೊಡದ ಮನುಷ್ಯ ಹೊಗಳಿಕೆಗೆ ಮೈಯೆಲ್ಲ ಕಿವಿಯಾಗುತ್ತಿದ್ದ. “ಸರ್ಕಾರದ ಕರೆಂಟು ನೆಂಟ ಇದ್ದ ಹಾಗೆ. ಬರ್ತಾನೆ, ಹೋಗ್ತಾನೆ. ಮನೆ ಯಜಮಾನ ನಾನು” ಎನ್ನುವುದು ಅವನ ನಿತ್ಯದ ಮಾತು. ವೋಲ್ಟಿನ ಮೀಟರನ್ನು ಸ್ವಂತ ಕರವಸ್ತ್ರದಿಂದ ಒರೆಸುವನು. ಅವನ ದೊಡ್ಡ ಹೆಮ್ಮೆಯೆಂದರೆ ಗಲ್ಲಿಯ ಕಟ್ಟಕಡೆಯ ಮನೆ. ನಿವೃತ್ತ ಮೇಷ್ಟ್ರು ಉಸ್ತಾದ್ ಬಹ್ಜತ್ ಅವರದು. ಅಲ್ಲಿಯವರೆಗೆ ಹೋಗುವ ತಂತಿ ತೆಳ್ಳಗಿನದು, ಹಳೆಯದು. ಕರೆಂಟು ದಾರಿಯಲ್ಲೇ ಸೊರಗುತ್ತಿತ್ತು. ಆದರೂ ಉಸ್ತಾದರ ಫ್ಯಾನು ಗಿರಗಿರ ತಿರುಗುತ್ತಿತ್ತು. “ಕೊನೇ ಮನೆಗೂ ಇನ್ನೂರಿಪ್ಪತ್ತು ವೋಲ್ಟು! ಯಾವ ಗಲ್ಲೀಲಿದೆ ತೋರಿಸಿ” ಎಂದು ಅಬು ಯಾಸ್ ಸವಾಲು ಹಾಕುತ್ತಿದ್ದ. ಕೊನೆಯ ಮನೆಗೆ ಇನ್ನೂರಿಪ್ಪತ್ತು ಮುಟ್ಟಬೇಕಾದರೆ ಮೊದಲ ಮನೆಗೆ ಎಷ್ಟು ಹೋಗುತ್ತಿರಬಹುದು ಎಂದು ಯಾರೂ ಕೇಳಿರಲಿಲ್ಲ.

ಮೊದಲ ಮನೆಯಲ್ಲಿ ಇಖ್ಲಾಸ್ ಇದ್ದಳು, ಜೊತೆಗೆ ಅವಳ ತಾಯಿ. ಬಡಗಿಗಳಿಗೆ ಅಡುಗೆಮನೆಯ ನಕ್ಷೆ ಬರೆದುಕೊಡುವುದು ಅವಳ ಕೆಲಸ. ಕಪಾಟು ಎಲ್ಲಿ, ಒಲೆ ಎಲ್ಲಿ ಎಂದು ಕಂಪ್ಯೂಟರಿನಲ್ಲೇ ಇಡೀ ಅಡುಗೆಮನೆ ಕಟ್ಟಿ, ಸುತ್ತ ತಿರುಗಿಸಿ ಮದುಮಗಳಿಗೆ ಅಡುಗೆಮನೆ ಮಾಡಿಸುವ ತಾಯಂದಿರಿಗೆ ತೋರಿಸಬೇಕು. ಆ ತಾಯಂದಿರಿಗೋ ತಾಳ್ಮೆ ಕಡಿಮೆ. ಚಿತ್ರ ತಿರುಗುವುದು ತಡವಾದರೆ ಕಪಾಟೂ ಹೀಗೇ ತಡವಾಗುತ್ತದೆ ಎಂದು ಎದ್ದು ಹೋಗುವವರೇ ಹೆಚ್ಚು. ಅದಕ್ಕೆಂದು ಆ ಬೇಸಿಗೆಯಲ್ಲಿ ಇಖ್ಲಾಸ್ ಕಂಪ್ಯೂಟರ್ ಅಂಗಡಿಗಳ ಸಿನಾಅ ಬೀದಿಯಿಂದ ವೇಗದ ಮೆಮರಿ ತಂದು ಹಾಕಿಸಿಕೊಂಡಳು. ಕೆಲವು ದಿನ ಅಡುಗೆಮನೆಗಳು ಬುಗುರಿಯ ಹಾಗೆ ತಿರುಗಿದವು. ಆಮೇಲೆ ನಕ್ಷೆಯ ನಡುವೆ ಪರದೆ ಗರಬಡಿದಂತೆ ನಿಲ್ಲತೊಡಗಿತು. ಕೊನೆಗೊಂದು ಬೆಳಿಗ್ಗೆ ಯಂತ್ರ ಏಳಲೇ ಇಲ್ಲ.

ಇಖ್ಲಾಸ್ ಚಪ್ಪಲಿ ಮೆಟ್ಟಿ ನೇರ ಚಪ್ಪರಕ್ಕೆ ಬಂದಳು. ಹಿರಿಯರಿಗೆ ಹೇಳುವ ‘ಹಜ್ಜಿ’ ಎಂಬ ಮರ್ಯಾದೆಯಲ್ಲೇ ಮಾತು ಶುರುಮಾಡಿದಳು.

“ಹಜ್ಜಿ, ನಿಮ್ಮ ಕರೆಂಟು ನನ್ನ ಪ್ರೊಸೆಸರನ್ನ ತಿಂದುಹಾಕ್ತು.”

ಅಬು ಯಾಸ್ ಆಕಾಶ ನೋಡಿದ.

“ಆಕಾಶ ಆಮೇಲೆ ನೋಡಿ. ಶುಕ್ರವಾರ ನಮಾಜ್ ಮುಗಿದ ಮೇಲೆ ಎಲ್ಲರೂ ಚಹಾದಂಗಡಿ ಹತ್ರ ಸೇರ್ತಾರಲ್ಲ, ಅಲ್ಲೇ ಹೇಳ್ತೀನಿ.”

ಈ ಮಾತು ಕೇಳಿಸಿತು. ಪಕ್ಕದ ಗಲ್ಲಿಯ ಅಬು ಹಾರಿಸ್ ಹೊಸ ಜನರೇಟರು ತಂದಿದ್ದ. ನಮ್ಮ ಗಲ್ಲಿಯವರು ಅವನ ಕಡೆಗೆ ತಂತಿ ಬದಲಾಯಿಸಬೇಕೋ ಬೇಡವೋ ಎಂದು ತೀರ್ಮಾನಿಸಲೆಂದೇ ಆ ಶುಕ್ರವಾರ ಸೇರುವವರಿದ್ದರು. ಇಖ್ಲಾಸ್ ಎದ್ದು ನಿಂತು ಒಂದು ಮಾತು ಅಂದರೆ ಸಂಜೆಯೊಳಗೆ ತಂತಿಗಳೆಲ್ಲ ಆ ಕಡೆಗೆ. ಗಲ್ಲಿ ಕೈಬಿಟ್ಟ ಜನರೇಟರಿನವನಿಗೆ ಉಳಿಯುವುದು ಬರೀ ಸದ್ದು.

“ಮಗಳೇ, ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತೀಯಲ್ಲ! ಈ ಕೈಯಿಂದ ಇವತ್ತಿನವರೆಗೆ ಒಂದು ಬಲ್ಬೂ ಸುಟ್ಟಿಲ್ಲ. ನಡಿ, ಸಿನಾಅ ಬೀದಿಗೇ ಹೋಗೋಣ. ಅಲ್ಲಿ ತೀರ್ಮಾನ ಆಗ್ಲಿ.” ಹಾಗೆ ಅಂದನೇ ಹೊರತು ಒಳಗೊಳಗೆ ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿ ನೋಡಿಕೊಂಡಿದ್ದ. ಮೀಟರಿನ ಮುಳ್ಳು ಎಲ್ಲಿ ನಿಂತಿದೆ ಎನ್ನುವುದು ಅವನೊಬ್ಬನಿಗೇ ಗೊತ್ತು.

ಟ್ಯಾಕ್ಸಿಯಾದರೆ ಕುಲುಕುತ್ತದೆಂದು ಬೇಕರಿಯವನ ತಳ್ಳುಗಾಡಿ ತಂದ. ಕಂಪ್ಯೂಟರನ್ನು ಕಂಬಳಿಯಲ್ಲಿ ಸುತ್ತಿ ಮಲಗಿಸಿದ. ಬಿಸಿಲಲ್ಲಿ ಗಾಡಿ ತಳ್ಳಿಕೊಂಡು ಅಬು ಯಾಸ್ ಮುಂದೆ, ಕೊಡೆ ಹಿಡಿದು ಇಖ್ಲಾಸ್ ಪಕ್ಕದಲ್ಲಿ. ಕೊಡೆಯ ನೆರಳು ಕಂಪ್ಯೂಟರಿಗೆ.

“ಯಾರಿಗೆ ಹುಷಾರಿಲ್ಲ ಹಜ್ಜಿ?” ಎಂದು ದಾರಿಯಲ್ಲಿ ಹಣ್ಣಿನವನು ಕೇಳಿದ.

“ಹುಷಾರಾಗೇ ಇದೆ. ಕರೆಂಟಿನ ಮೇಲೆ ಅಪವಾದ ಹೊರಿಸೋಕೆ ಮಲಗಿದೆ ಅಷ್ಟೆ.”

ಮೆಮರಿ ಮಾರಿದ ಸರ್ಮದ್ ಗಿರಾಕಿ ಕೂರುವ ಮೊದಲೇ ಚಹಾ ತರಿಸುವ ಜಾತಿಯ ವ್ಯಾಪಾರಿ. ಬಾಯಿ ಬಿಟ್ಟರೆ ಮುಚ್ಚಿಸುವುದು ಕಷ್ಟ. ಪೆಟ್ಟಿಗೆ ಬಿಚ್ಚಿದ, ಬೇರೆ ಮೆಮರಿ ಸಿಕ್ಕಿಸಿದ, ಗುಂಡಿ ಒತ್ತಿದ. ಯಂತ್ರ ಎದ್ದಿತು. ಇಖ್ಲಾಸ್ ಎದೆಯ ಮೇಲೆ ಕೈಯಿಟ್ಟುಕೊಂಡಳು.

“ಪ್ರೊಸೆಸರ್ ಸತ್ತಿಲ್ಲಮ್ಮ, ಉಸಿರಾಡ್ತಿದೆ. ನೀನು ಆ ‘ವೇಗ’ದ ಸೆಟ್ಟಿಂಗ್ ಒತ್ತಿದ್ಯಾ?”

“ಒತ್ತದೆ? ವೇಗಕ್ಕೆ ಅಂತಾನೇ ತಗೊಂಡಿದ್ದು.”

“ಅದೇ ನೋಡು. ಸಾದಾ ಮೆಮರಿಗೆ ಒಂದೂವರೆ ವೋಲ್ಟು ಸಾಕು. ಇದು ಆ ವೇಗದಲ್ಲಿ ಓಡ್ಬೇಕು ಅಂದ್ರೆ ಒಂದು ಪಾಯಿಂಟ್ ಆರು ಐದು ಕೇಳುತ್ತೆ.”

ಅಬು ಯಾಸ್ ಗಹಗಹಿಸಿ ನಕ್ಕ. “ಒಂದೂವರೆ! ಟಾರ್ಚಿನ ಒಂದು ಶೆಲ್ಲು! ಇದಕ್ಕೆ ಹೆದರಿ ನಾನು ಗಾಡಿ ತಳ್ಳಿದ್ನಾ?”

“ನಗಬೇಡಿ ಹಜ್ಜಿ. ಮೆಮರಿಗೇನೂ ಆಗಲ್ಲ, ಅದನ್ನ ಮಾಡಿರೋದೇ ಹಾಗೆ. ಆದ್ರೆ ಅದರ ಜೊತೆ ಮಾತಾಡೋ ಭಾಗ ಪ್ರೊಸೆಸರ್ ಹೊಟ್ಟೆಯೊಳಗೇ ಇದೆ. ಈ ಪ್ರೊಸೆಸರ್ ಮಾಡಿದವರು ಒಂದೂವರೆ ಅಂದಿದ್ದಾರೆ, ಚೂರು ಹೆಚ್ಚುಕಮ್ಮಿ ತಡೆಯುತ್ತೆ. ಇದು ಹತ್ತಕ್ಕೊಂದು ಪಾಲು ಜಾಸ್ತಿ. ಸಾಲದು ಅಂತ ಮದರ್‌ಬೋರ್ಡು ಬೇರೆ ‘ಪಾಪ, ಕಷ್ಟಪಡ್ತಿದೆ’ ಅಂತ ತಾನೇ ಪ್ರೊಸೆಸರಿನ ಹೊಟ್ಟೆಗೂ ವೋಲ್ಟು ಏರಿಸಿಬಿಟ್ಟಿದೆ. ನಿಮಗೆ ಅರ್ಥ ಆಗೋ ಹಾಗೆ ಹೇಳ್ಬೇಕಂದ್ರೆ, ನಿಮ್ಮ ಇನ್ನೂರಿಪ್ಪತ್ತನ್ನ ಇನ್ನೂರ ನಲವತ್ತೆರಡು ಮಾಡಿ ದಿನಾ ಒಂದೇ ಮನೆಗೆ ಕೊಟ್ಟ ಹಾಗೆ.”

ಅಬು ಯಾಸನಿಗೆ ಕೆಮ್ಮು ಬಂತು. ಬಂದದ್ದು ಹೋಗಲಿಲ್ಲ. ಸರ್ಮದ್ ನೀರು ತರಿಸಬೇಕಾಯಿತು.

“ಹಾಗಾದ್ರೆ ಸತ್ತೇಹೋಗುತ್ತಾ?” ಇಖ್ಲಾಸ್ ಕೇಳಿದಳು.

“ಎಲ್ಲಾ ಸಾಯಲ್ಲ. ವರ್ಷಗಟ್ಟಲೆ ಹಾಗೇ ಓಡಿಸೋರಿದ್ದಾರೆ, ಏನೂ ಆಗಿಲ್ಲ. ಕೆಲವು ಮೊದಲು ಮುನಿಸ್ಕೊಂಡು ನಿಲ್ಲುತ್ತವೆ, ನಿಂದು ನಿಂತ ಹಾಗೆ. ಆಯುಸ್ಸು ಸವೆಯುತ್ತೆ ಅನ್ನೋದು ನಿಜ, ಎಷ್ಟು ಅಂತ ದೇವರಿಗೇ ಗೊತ್ತು. ಸಾದಾ ವೇಗಕ್ಕೆ ಇಳಿಸಿ, ಒಂದೂವರೆಯಲ್ಲಿ ನಿನ್ನ ಮೆಮರೀನೇ ಹಾಕಿ ನೋಡೋಣ.”

ಹಾಕಿದ. ಅಡುಗೆಮನೆಯ ನಕ್ಷೆ ತೆರೆದು ಸುಮ್ಮನೆ ತಿರುಗಲು ಬಿಟ್ಟ. ಮಧ್ಯಾಹ್ನ ಕಬಾಬು ಬಂತು, ಸಮೂನ್ ರೊಟ್ಟಿ ಬಂತು. ಅಬು ಯಾಸ್ ಮುಟ್ಟಲಿಲ್ಲ. ಹೆರಿಗೆ ಕೋಣೆಯ ಹೊರಗೆ ಕೂತ ಗಂಡನಂತೆ ಪರದೆಯನ್ನೇ ನೋಡುತ್ತಿದ್ದ. ಕಪಾಟುಗಳು ತುಸು ನಿಧಾನವಾಗಿ ತಿರುಗಿದವು. ಬಿಸಿಲು ಇಳಿಯುವವರೆಗೂ ಒಮ್ಮೆಯೂ ನಿಲ್ಲಲಿಲ್ಲ.

“ಅಷ್ಟೇನಾ? ಇಷ್ಟು ನಿಧಾನ ಆದ್ರೆ ಸಾಕು” ಎಂದಳು ಇಖ್ಲಾಸ್.

“ನನ್ನ ಕರೆಂಟಿನ ವಿಷಯ ಹೇಳಪ್ಪ” ಎಂದ ಅಬು ಯಾಸ್. ದನಿ ಮೀಸೆಯೊಳಗೇ ಉಳಿಯಿತು.

“ನಿಮ್ಮ ಕರೆಂಟು ಈ ಸಪ್ಲೈ ಡಬ್ಬಿಯ ಬಾಗಿಲಲ್ಲೇ ನಿಲ್ಲುತ್ತೆ ಹಜ್ಜಿ. ಇನ್ನೂರ ಅರವತ್ತರವರೆಗೂ ಇದು ತಡ್ಕೊಳ್ಳುತ್ತೆ. ಒಳಗೆ ಹೋಗೋದು ಅದು ಅಳೆದು ಕೊಟ್ಟಿದ್ದೇ. ಪ್ರೊಸೆಸರ್ ವಿಷಯದಲ್ಲಿ ನೀವು ನಿರಪರಾಧಿ.”

ಅಬು ಯಾಸ್ ಒಂದು ಗೇಣು ಬೆಳೆದ. ತಣ್ಣಗಾದ ಕಬಾಬನ್ನು ಎರಡೇ ತುತ್ತಿಗೆ ಮುಗಿಸಿದ. ಬರುವ ದಾರಿಯಲ್ಲಿ ಗಾಡಿಯ ಗಾಲಿಗೂ ಹುರುಪು ಬಂದಂತಿತ್ತು. “ಆಸೆ ಮಗಳೇ, ಆಸೆ! ಕಪಾಟು ಬುಗುರಿ ಥರ ತಿರುಗಬೇಕು ಅಂತ ಆಸೆ!” ಎಂದು ಹಣ್ಣಿನವನಿಗೂ ಕೇಳಿಸುವಂತೆ ಉಪದೇಶ ಶುರುಮಾಡಿದ.

“ಹಜ್ಜಿ, ಸರ್ಮದ್ ಇನ್ನೂರ ನಲವತ್ತೆರಡು ಅಂದಾಗ ನಿಮಗೆ ಕೆಮ್ಮು ಯಾಕೆ ಬಂತು?”

“ಚಹಾ ಬಿಸಿ ಇತ್ತು.”

“ಲೋಟ ಖಾಲಿ ಇತ್ತು.”

ಗಾಡಿ ನಿಂತಿತು.

“ಕಂಪ್ಯೂಟರ್ ವಿಷಯದಲ್ಲಿ ನೀವು ನಿರಪರಾಧಿ, ಅದನ್ನ ಶುಕ್ರವಾರ ನಾನೇ ಹೇಳ್ತೀನಿ. ಆದ್ರೆ ನಮ್ಮ ಮನೆ ಬಲ್ಬುಗಳು ಸಾಲಾಗಿ ಸಾಯ್ತಿವೆ. ಅಮ್ಮನ ಫ್ಯಾನು ಸುಟ್ಟು ಎರಡು ಸಲ ಕಾಯಿಲ್ ಕಟ್ಟಿಸಿದ್ವಿ. ಅದನ್ನ ಹೇಳಲೋ ಬೇಡವೋ?”

ಅಬು ಯಾಸ್ ಆಕಾಶ ನೋಡಲಿಲ್ಲ, ಗಾಡಿಯ ಹಿಡಿ ನೋಡಿದ. “ಉಸ್ತಾದರ ಫ್ಯಾನು ತಿರುಗಬೇಕಲ್ಲಮ್ಮ. ನನಗೆ ಅಕ್ಷರ ಕಲಿಸಿದೋರು. ಬೇಸಿಗೇಲಿ ಒಬ್ಬರೇ ಇರ್ತಾರೆ.”

“ತಿರುಗಲಿ. ಯಾರು ಬೇಡ ಅಂದ್ರು? ಅವರ ಮನೆಗೆ ದಪ್ಪ ತಂತಿ ಎಳೀರಿ. ಅವರಿಗೆ ಗಾಳಿ ಬೇಕು ಅಂತ ನನ್ನ ಮನೆಗೆ ಬೆಂಕಿ ಯಾಕೆ ಕಳಿಸ್ತೀರಿ?”

ಆತ ಮತ್ತೆ ಗಾಡಿ ತಳ್ಳತೊಡಗಿದ. ಹಳೇ ಕಿವುಡು ಮರಳಿತೆಂದು ಇಖ್ಲಾಸ್ ಅಂದುಕೊಂಡಳು. ಆದರೆ ಮರುದಿನ ಬೆಳಿಗ್ಗೆ ಗಲ್ಲಿ ಎದ್ದಾಗ ಅಬು ಯಾಸ್ ಏಣಿಯ ಮೇಲಿದ್ದ, ಹೆಗಲ ಮೇಲೆ ಹೆಬ್ಬೆರಳು ದಪ್ಪದ ಹೊಸ ತಂತಿಯ ಸುರುಳಿ. ಮಾಡಿನಿಂದ ಮಾಡಿಗೆ, ಕಂಬದಿಂದ ಕಂಬಕ್ಕೆ, ಬೈದುಕೊಳ್ಳುತ್ತ, ಬೆವರುತ್ತ ಎಳೆದುಕೊಂಡು ಹೋದ. ತಂತಿ ಉಸ್ತಾದರ ಮನೆ ಮುಟ್ಟಿದ ಮೇಲೆ ಚಪ್ಪರಕ್ಕೆ ಬಂದು ವೋಲ್ಟಿನ ಗುಂಡಿಯನ್ನು ಹಿಂದಕ್ಕೆ ತಿರುಗಿಸಿದ. ಮೀಟರಿನ ಮುಳ್ಳು ಬಹಳ ವರ್ಷಗಳ ಮೇಲೆ ತನ್ನ ಜಾಗಕ್ಕೆ ಬಂದು ಕೂತಿತು. ಕೊನೆಯ ಮನೆಯ ಫ್ಯಾನು ಗಿರಗಿರ ತಿರುಗುತ್ತಲೇ ಇತ್ತು.

ಶುಕ್ರವಾರ ಚಹಾದಂಗಡಿಯ ಮುಂದೆ ಇಖ್ಲಾಸ್ ನಡೆದದ್ದನ್ನು ನಡೆದಂತೆ ಹೇಳಿದಳು. ಬಲ್ಬಿನ ಮಾತು ಬಂದಾಗ ಅಬು ಯಾಸನೇ ಎದ್ದು, “ಅದು ನನ್ನದೇ ತಪ್ಪು. ಸರಿ ಮಾಡಿದೀನಿ, ಬಂದು ಮೀಟರ್ ನೋಡ್ಕೊಳ್ಳಿ” ಎಂದ. ಜನ ಮುಖಮುಖ ನೋಡಿಕೊಂಡರು. ದೂರಿಗೆ ಅವನು ಉತ್ತರ ಕೊಟ್ಟದ್ದು ಅದೇ ಮೊದಲು. ಬೇಕರಿಯವನು, “ದೂರು ಕೇಳಿಸ್ಕೊಳ್ಳೋ ಜನರೇಟರಿನವನು ಪಕ್ಕದ ಗಲ್ಲೀಲೂ ಇಲ್ಲ. ಇದ್ದ ತಂತಿ ಇದ್ದಲ್ಲೇ ಇರ್ಲಿ ಬಿಡ್ರಪ್ಪ” ಎಂದ. ಹೌದು ಹೌದು ಎಂದಿತು ಗಲ್ಲಿ. ಇಖ್ಲಾಸಳ ತಾಯಿ ಎಲ್ಲರ ಚಹಾಕ್ಕೂ ತಾನೇ ಸಕ್ಕರೆ ಕಲಕಿದಳು.

ಉಸ್ತಾದ್ ಬಹ್ಜತ್ ಮಾತ್ರ ಪಾಠ ಮುಗಿಯದ ಮುಖ ಮಾಡಿಕೊಂಡು ಕೈ ಎತ್ತಿದರು. “ನಂದೊಂದು ಪ್ರಶ್ನೆ. ಆ ಕಂಪ್ಯೂಟರಿಗೆ ವೋಲ್ಟು ಏರಿಸಿದ್ರೆ ವೇಗ ಇವತ್ತೇ ಸಿಗುತ್ತೆ. ಕೇಡು ಬಂದ್ರೂ ಎಷ್ಟೋ ವರ್ಷ ಆದ್ಮೇಲೆ. ಅದನ್ನ ನೋಡೋಕೆ ನಾವಿರ್ತೀವಾ? ಮತ್ಯಾಕಪ್ಪ ಹೆದರಬೇಕು?”

ಅಬು ಯಾಸ್ ಮೇಷ್ಟ್ರ ಕಡೆ ತಿರುಗಿ, ಇಖ್ಲಾಸಳತ್ತ ಬೆರಳು ತೋರಿಸಿದ.

“ನೀವಿರಲ್ಲ, ಉಸ್ತಾದ್. ಅವಳಿರ್ತಾಳೆ.”