ಬ್ಯಾಂಡ್ ಇಲ್ಲದ ಮಗು

ವಯಸ್ಸಿನ ವಿಚಾರದಲ್ಲಿ ನಾನು ಬಲು ಕಟ್ಟುನಿಟ್ಟಿನ ಹೆಂಗಸು. ಹೊಸನಗರದ ಒಂದು ಕಚೇರಿಯಲ್ಲಿ ಜನನ ಪ್ರಮಾಣಪತ್ರದ ಅರ್ಜಿಗಳು ನನ್ನ ಮೇಜನ್ನು ದಾಟಿಯೇ ಮುಂದೆ ಹೋಗಬೇಕು. ಶಾಲೆಗೆ ಸೇರಿಸಲು ಮಗನಿಗೆ ಎರಡು ತಿಂಗಳು ಹೆಚ್ಚು ಮಾಡಿಕೊಡಿ ಎಂದು ಹುಂಚದ ಕಡೆಯಿಂದ ಬಂದವರನ್ನು ಬಂದ ಬಸ್ಸಿಗೇ ವಾಪಸು ಕಳಿಸಿದವಳು ನಾನು. 'ತಾರೀಕು ಅಂದ್ರೆ ತಾರೀಕು' ಎನ್ನುವುದು ನನ್ನ ಮಾತು. ನನ್ನ ಬೆನ್ನ ಹಿಂದೆ ಸಹೋದ್ಯೋಗಿಗಳು ಅದೇ ಮಾತನ್ನು ಅಣಕಿಸಿ ನಗುತ್ತಾರೆಂದು ಗೊತ್ತಿತ್ತು. ಅದಕ್ಕೆ ಒಳಗೊಳಗೇ ಹೆಮ್ಮೆಯೂ ಇತ್ತು. ಇಂಥ ನಾನು ಒಂದು ಭಾನುವಾರ ಆರೂವರೆ ವರ್ಷದ ಮಗುವಿಗೆ ನಾಲ್ಕು ವರ್ಷ ಎಂದೆ. ಆ ದಿನ ನಡೆದದ್ದನ್ನು ಪೂರ್ತಿಯಾಗಿ ಯಾರಿಗೂ ಹೇಳಿಲ್ಲ.

ಮಗು ನನ್ನ ತಂಗಿಯದು. ತಂಗಿ ತೀರ್ಥಹಳ್ಳಿಯಲ್ಲಿ ನರ್ಸು. ಆ ವಾರ ಅವಳಿಗೆ ರಜೆ ಸಿಗಲಿಲ್ಲ. 'ಅಕ್ಕ, ನೀನು ಕರ್ಕೊಂಡು ಹೋಗೋದಾದ್ರೆ ನಂಗೆ ಎಂತ ಚಿಂತೆ' ಎಂದು ಹಿಂದಿನ ದಿನವೇ ಮಗಳನ್ನು ನಮ್ಮ ಮನೆಗೆ ಬಿಟ್ಟು ಹೋದಳು. ಕಚೇರಿಯ ನಾಲ್ಕಾರು ಮಂದಿ ಸಂಸಾರ ಸಮೇತ ಟೆಂಪೋ ಮಾಡಿಕೊಂಡು, ಸಾಗರದ ಆಚೆ ಹಿನ್ನೀರಿನ ದಂಡೆಯಲ್ಲಿ ಹೊಸದಾಗಿ ಶುರುವಾಗಿದ್ದ ಪಾರ್ಕಿಗೆ ಹೊರಟಿದ್ದೆವು. ನೀರಿನ ಜಾರುಬಂಡಿ, ಮಧ್ಯಾಹ್ನದ ಊಟ, ಕೊನೆಗೆ ದೋಣಿಯಲ್ಲಿ ನಡುಗಡ್ಡೆಗೆ ಹೋಗಿ ಅಲ್ಲಿ ಹಗ್ಗದ ಆಟ, ಎಲ್ಲಕ್ಕೂ ಸೇರಿ ಒಂದೇ ಟಿಕೆಟ್ಟು.

ಬಾಗಿಲಲ್ಲಿ ಬೋರ್ಡು ಇತ್ತು. ಹನ್ನೆರಡರ ಮೇಲೆ ಪೂರ್ತಿ, ಐದರಿಂದ ಹನ್ನೆರಡು ಅರ್ಧ, ಐದರೊಳಗೆ ಉಚಿತ. ಪೂರ್ತಿ ಟಿಕೆಟ್ಟಿನವರ ಮಣಿಕಟ್ಟಿಗೆ ನೀಲಿ ಬ್ಯಾಂಡು, ಅರ್ಧದವರಿಗೆ ಹಳದಿ. ಉಚಿತದವರಿಗೆ ಏನೂ ಇಲ್ಲ. ತಂಗಿಯ ಮಗಳು ಸಣಕಲಿ. ನೋಡಿದವರು ಇನ್ನೂ ಅಂಗನವಾಡಿ ಎಂದುಕೊಳ್ಳಬೇಕು. ಅರ್ಧ ಟಿಕೆಟ್ಟು ಕೊಳ್ಳಲಾಗದ ಬಡತನವೇನೂ ನಮಗಿರಲಿಲ್ಲ. ಆದರೂ ಪುಕ್ಕಟೆ ಎಂಬ ಪದ ಕಂಡರೆ ನನ್ನೊಳಗೆ ಏನೋ ಚುರುಕಾಗುತ್ತದೆ, ಅದು ನನ್ನ ಚಾಳಿ. ಸಾಲಿನಲ್ಲಿ ನಿಂತೇ ಮಗುವಿನ ಕಿವಿಯಲ್ಲಿ 'ಕೇಳಿದ್ರೆ ನಾಲ್ಕು ವರ್ಷ ಅನ್ನು' ಎಂದೆ.

'ನಂಗೆ ಆರೂವರೆ, ದೊಡ್ಡಮ್ಮ. ಒಂದನೇ ಕ್ಲಾಸು.'

'ಹಂಗಾದ್ರೆ ಮಾತಾಡ್ಬೇಡ. ಆ ಬ್ಯಾಂಡ್ ಕಟ್ಟೋ ಮಾಮ ಹತ್ರ ಬಂದ್ರೆ ನನ್ನ ಹಿಂದೆ ಅವಿತ್ಕೋ. ಅವ್ನಿಗೆ ಗೊತ್ತಾದ್ರೆ ನಮ್ಮನ್ನ ಹೊರಗೆ ಹಾಕ್ತಾನೆ.'

ನನ್ನ ಗಂಡ ಪಕ್ಕದಲ್ಲೇ ಇದ್ದರು. 'ಎಂತಕ್ಕೆ ಇದೆಲ್ಲ' ಎಂದರು, ಅಷ್ಟೇ. ಕೌಂಟರಿನ ಹತ್ತಿರ ಬಂದಾಗ ಮಗು ತಾನಾಗಿಯೇ ಉದ್ದನೆಯ ಫ್ರಾಕಿನೊಳಗೆ ಮಂಡಿ ಬಗ್ಗಿಸಿ ಕುಳ್ಳಿಯಾಗಿ ನಿಂತಿತು. ನಾನು ನಕ್ಕುಬಿಟ್ಟೆ. ಎಷ್ಟು ಚೂಟಿ ಎಂದು ಅದರ ತಲೆ ಸವರಿದೆ.

ಮಧ್ಯಾಹ್ನದವರೆಗೆ ಎಲ್ಲವೂ ಚೆನ್ನಾಗಿತ್ತು. ದೋಣಿ ಹತ್ತುವಾಗ ಮೊದಲ ಸಲ ಮನಸ್ಸು ಚುರುಕ್ ಎಂದಿತು. ಲೈಫ್ ಜಾಕೆಟ್ಟನ್ನು ಬ್ಯಾಂಡು ನೋಡಿ ಕೊಡುತ್ತಿದ್ದರು. ದೊಡ್ಡವರಿಗೆ ಕಿತ್ತಳೆ ಬಣ್ಣದ್ದು, ಹಳದಿ ಬ್ಯಾಂಡಿನ ಮಕ್ಕಳಿಗೆ ಹಳದಿಯದು. ದೋಣಿಯವನು ನಮ್ಮ ಮಗುವಿನ ಬರಿಗೈ ನೋಡಿ, 'ಇದನ್ನ ತೊಡೆ ಮೇಲೆ ಗಟ್ಟಿ ಹಿಡ್ಕೊಂಡು ಕೂತ್ಕಳಿ ಮೇಡಂ' ಎಂದ. ಒಂದು ಜಾಕೆಟ್ಟು ಕೊಡಿ ಎಂದು ಕೇಳಬಹುದಿತ್ತು. ಕೇಳಿದರೆ ವಯಸ್ಸಿನ ಮಾತು ಬರುತ್ತದೆ, ಸಹೋದ್ಯೋಗಿಗಳ ಎದುರು ಮಾನ ಹೋಗುತ್ತದೆ ಎಂದು ಬಾಯಿ ಮುಚ್ಚಿಕೊಂಡೆ. ದಾರಿಯುದ್ದಕ್ಕೂ ಅದರ ಸೊಂಟವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದೆ. ಬೇಸಿಗೆಯಾದ್ದರಿಂದ ನೀರು ಇಳಿದು, ಮುಳುಗಿದ ಕಾಡಿನ ಒಣ ಮೋಟುಗಳು ಅಲ್ಲಲ್ಲಿ ತಲೆ ಎತ್ತಿದ್ದವು. 'ಇಲ್ಲಿ ಎಷ್ಟು ಆಳ' ಎಂದು ಯಾರೋ ಕೇಳಿದರು. 'ದಡ ಬಿಟ್ಟು ನಾಕು ಹೆಜ್ಜೆ ಹೋದ್ರೆ ಮುಗೀತು' ಎಂದು ದೋಣಿಯವನು ಹೇಳಿದ.

ನಡುಗಡ್ಡೆಯಲ್ಲಿ ಹಗ್ಗದ ಆಟಕ್ಕೂ ಬ್ಯಾಂಡು ನೋಡುವವನು ಬೆಳಿಗ್ಗೆ ಬಾಗಿಲಲ್ಲಿ ಬ್ಯಾಂಡು ಕಟ್ಟಿದ್ದ ಮನುಷ್ಯನೇ. ಕುತ್ತಿಗೆಗೆ ಸೀಟಿ ಕಟ್ಟಿಕೊಂಡು ಓಡಾಡುತ್ತಿದ್ದ. ಅವನು ಈ ಕಡೆ ಬಂದಾಗಲೆಲ್ಲ ಮಗು ನನ್ನ ಸೀರೆಯ ಹಿಂದೆ, ಮರದ ಹಿಂದೆ, ಮೊಳಕಾಲೆತ್ತರದ ಪೊದೆಯ ಹಿಂದೆ ಸರಿಯುತ್ತಿತ್ತು. ನನಗೆ ಅದು ಆಟದ ಹಾಗೆ ಕಂಡಿತು.

ನಾಲ್ಕು ಗಂಟೆಯ ಸುಮಾರಿಗೆ ಪಡುವಣ ದಿಕ್ಕು ಕಪ್ಪಾಯಿತು. ಗಾಳಿ ಎದ್ದು ನೀರಿನ ಮೇಲೆ ಸಣ್ಣ ಸಣ್ಣ ಬಿಳಿ ಅಲೆಗಳು ಶುರುವಾದವು. ಸೀಟಿಯವನು ಎಲ್ಲರನ್ನೂ ದೋಣಿಯ ಕಡೆ ಅಟ್ಟತೊಡಗಿದ. ನಾನು ಚಾಪೆ ಸುತ್ತಿ ಚೀಲ ಕಟ್ಟುವಷ್ಟರಲ್ಲಿ ಮೊದಲ ದೋಣಿಯಲ್ಲಿ ಗಂಡ ಮತ್ತು ಐದು ಜನ ಹೊರಟಾಗಿತ್ತು. ಉಳಿದ ಆರು ಜನ ಎರಡನೆಯದಕ್ಕೆ ಹತ್ತಿದೆವು. ಸೀಟಿಯವನು ಕೈಗಳನ್ನು ನೋಡಿ, 'ಅಲ್ಲಿ ಆರು, ಇಲ್ಲಿ ಆರು. ಸರಿ ಆಯ್ತು, ಬಿಡಪ್ಪ' ಎಂದು ತಾನೂ ಹತ್ತಿದ. ಮುಂದಿನ ದೋಣಿಯಲ್ಲಿ ಗಂಡನ ಪಕ್ಕ ಹಳದಿ ಜಾಕೆಟ್ಟಿನ ಪುಟ್ಟ ಬೆನ್ನು ಕಾಣುತ್ತಿತ್ತು. ಅದನ್ನು ನೋಡಿಕೊಂಡೇ ನಿಶ್ಚಿಂತೆಯಿಂದ ಕೂತೆ.

ಅರ್ಧ ದಾರಿಯಲ್ಲಿ ನೆನಪಾಯಿತು. ನಮ್ಮ ಮಗುವಿಗೆ ಜಾಕೆಟ್ಟನ್ನೇ ಕೊಟ್ಟಿರಲಿಲ್ಲ. ಆ ಬೆನ್ನು ಸಹೋದ್ಯೋಗಿಯ ಮಗಳದು.

'ದೋಣಿ ತಿರುಗ್ಸಿ, ಒಂದು ಮಗು ಉಳ್ದಿದೆ' ಎಂದೆ.

'ಇಲ್ಲ ಮೇಡಂ. ಹನ್ನೆರಡು ಬ್ಯಾಂಡು, ಹನ್ನೆರಡು ಜನ. ಲೆಕ್ಕ ಸರಿ ಇದೆ' ಎಂದ ಸೀಟಿಯವನು.

'ಬ್ಯಾಂಡ್ ಇಲ್ಲದ್ದು.'

ಅವನು ದೋಣಿಯವನ ಕಡೆ ತಿರುಗಿದ. ದೋಣಿಯವನು ಈ ಗಾಳಿಯಲ್ಲಿ ಇಷ್ಟು ಜನರನ್ನು ಕಟ್ಟಿಕೊಂಡು ತಿರುಗಿಸಲು ಆಗುವುದಿಲ್ಲ, ಮಗುಚುತ್ತದೆ, ಇಳಿಸಿಯೇ ವಾಪಸು ಬರಬೇಕು ಎಂದ. ಸೀಟಿಯವನು ದಡಕ್ಕೆ ಫೋನು ಹಚ್ಚಿ ನನ್ನ ಕಡೆ ತಿರುಗಿ, 'ಎಷ್ಟು ವರ್ಷದ್ದು' ಎಂದು ಕೇಳಿದ. ನನ್ನ ಬಾಯಿಂದ ಬಂದದ್ದು 'ನಾಲ್ಕು' ಎಂದೇ. ಬೇಕೆಂದು ಹೇಳಿದ್ದಲ್ಲ. ಬೆಳಿಗ್ಗೆಯಿಂದ ನಾಲಿಗೆಯ ತುದಿಯಲ್ಲಿ ಕೂತಿದ್ದದ್ದು ಉದುರಿತು. ಅವನು ಫೋನಿನಲ್ಲಿ, 'ನಾಕು ವರ್ಷದ ಕೂಸು ಒಂದು ಉಳ್ಕಂಡದೆ' ಎಂದು ಹೇಳುವುದನ್ನು ಕೇಳುತ್ತ ಕೂತಿದ್ದೆ, ತಿದ್ದಲಿಲ್ಲ.

ದಡದಲ್ಲಿ ಗಂಡ ಆ ಮಾತು ಕೇಳಿಸಿಕೊಂಡು ನನ್ನ ತೋಳು ಹಿಡಿದರು. 'ಆರೂವರೆ ಅನ್ನು ಮಾರಾಯ್ತಿ. ಈಗಾದ್ರೂ ಅನ್ನು. ನಡೀತದೆ, ಓಡ್ತದೆ, ಎಲ್ಲಾದ್ರೂ ಹೋಗಿರ್ತದೆ ಅಂತ ಅವ್ರಿಗೆ ಗೊತ್ತಾಗ್ಲಿ.' ಹೇಳಿದೆ. ಎಲ್ಲರೂ ಕೇಳಿಸಿಕೊಂಡರು. ಬೆಳಿಗ್ಗೆ ಯಾವ ಮಾನಕ್ಕೆ ಹೆದರಿದ್ದೆನೋ ಆ ಮಾನ ಆ ಹೊತ್ತಿನಲ್ಲಿ ನೆನಪಿಗೂ ಬರಲಿಲ್ಲ.

ಸೀಟಿಯವನು ಸಣ್ಣ ದೋಣಿ ತೆಗೆದ. ನಾನೂ ಹತ್ತಿದೆ. ಅಲೆಗಳು ಅಡ್ಡ ಬಡಿದು ಮೈಯೆಲ್ಲ ತೊಯ್ದಿತು. ಅರ್ಧ ಗಂಟೆ ಮುಂಚೆ ನಗು, ಗಲಾಟೆ ತುಂಬಿದ್ದ ಆ ಗಡ್ಡೆಯಲ್ಲಿ ಈಗ ಹಗ್ಗಗಳು ಮಾತ್ರ ಗಾಳಿಗೆ ಓಲಾಡುತ್ತಿದ್ದವು. ಅವನು ಸೀಟಿ ಊದಿದ. 'ಪುಟ್ಟೀ' ಎಂದು ಕೂಗಿದ. ನಾನೂ ಕೂಗಿದೆ. ಉತ್ತರವಿಲ್ಲ. ಪೊದೆ ಪೊದೆ ಬಗ್ಗಿ ನೋಡಿದೆವು. ಅವನು ನೀರಿನ ಕಡೆ ನೋಡಲು ಶುರುಮಾಡಿದ. ತಂಗಿಯ ಮುಖ ಕಣ್ಣ ಮುಂದೆ ಬಂತು. ಅವಳಿಗೆ ಏನು ಹೇಳಲಿ, ಯಾವ ಬಾಯಲ್ಲಿ ಹೇಳಲಿ ಎಂದು ನೆಲಕ್ಕೆ ಕುಸಿದೆ.

ಅವನು ಮತ್ತೊಮ್ಮೆ ಸೀಟಿ ಊದಿದಾಗ ನನಗೆ ಅರ್ಥವಾಯಿತು.

'ನೀವು ದೋಣಿ ಹತ್ರ ಹೋಗಿ' ಎಂದೆ.

'ನಾನು ಎಂತಕ್ಕೆ ಹೋಗ್ಬೇಕು? ಹುಡುಕ್ಬೇಕಲ್ಲ?'

'ನಿಮ್ಮನ್ನ ಕಂಡ್ರೆ ಅವಿತ್ಕೋ ಅಂತ ನಾನೇ ಹೇಳಿದ್ದೆ.'

ಅವನು ನನ್ನನ್ನು ನೋಡಿದ. ಬೈದಿದ್ದರೆ ಹಗುರವಾಗುತ್ತಿತ್ತೇನೋ. ಸೀಟಿಯನ್ನು ಕುತ್ತಿಗೆಯಿಂದ ತೆಗೆದು ಕಿಸೆಗೆ ಹಾಕಿಕೊಂಡು ದಿನ್ನೆ ಇಳಿದು ಹೋದ. ಅವನ ತಲೆ ಮರೆಯಾದ ಮೇಲೆ ಹಿಂದಿನ ದಂಡೆಯ ಕಡೆಯಿಂದ ಸಣ್ಣ ದನಿ ಬಂತು.

'ಆ ಮಾಮ ಹೋದ್ನಾ?'

ದಡದಿಂದ ಮೂರು ಹೆಜ್ಜೆ ಒಳಗಿದ್ದ ಒಂದು ಮರದ ಮೋಟನ್ನು ತಬ್ಬಿಕೊಂಡು, ಎದೆಮಟ್ಟದ ನೀರಿನಲ್ಲಿ ಮಗು ನಿಂತಿತ್ತು. ತುಟಿ ನೀಲಿಗಟ್ಟಿತ್ತು. ಅಲೆ ಬಂದಾಗಲೆಲ್ಲ ಗಲ್ಲ ಎತ್ತಿಕೊಳ್ಳುತ್ತಿತ್ತು. ನಾನು ಸೀರೆ ಸಮೇತ ನುಗ್ಗಿ ಎಳೆದುಕೊಳ್ಳುವಾಗ ಮೋಟಿನ ಆಚೆ ನನ್ನ ಒಂದು ಕಾಲಿಗೆ ನೆಲವೇ ಸಿಗಲಿಲ್ಲ. ದಡಕ್ಕೆ ತಂದು ಒರೆಸುತ್ತಿದ್ದರೆ ಅದು ನಡುಗುತ್ತಲೇ ಹೇಳಿತು: 'ಎಷ್ಟು ಕೂಗಿದ್ರೂ ನಾನು ಮಾತಾಡ್ಲೇ ಇಲ್ಲ, ದೊಡ್ಡಮ್ಮ.' ಶಹಬ್ಬಾಸ್ ಎನ್ನಿಸಿಕೊಳ್ಳಲು ಕಾಯುತ್ತಿತ್ತು. ನಾನು ಅತ್ತುಬಿಟ್ಟೆ.

ರಾತ್ರಿ ಎಂಟು ಗಂಟೆ ದಾಟಿದ ಮೇಲೆ ತೀರ್ಥಹಳ್ಳಿ ಮುಟ್ಟಿದೆವು. ದಾರಿಯಲ್ಲಿ ನಾನು ಮಗುವಿಗೆ ಏನನ್ನೂ ಹೇಳಿಕೊಟ್ಟಿರಲಿಲ್ಲ. ತಂಗಿಗೆ ನಾನೇ ಎಲ್ಲ ಹೇಳಬೇಕು ಎಂದುಕೊಂಡೇ ಮೆಟ್ಟಿಲು ಹತ್ತಿದ್ದೆ. ಅವಳು ಆಗಷ್ಟೇ ಡ್ಯೂಟಿ ಮುಗಿಸಿ ಬಂದಿದ್ದಳು. ಮಗಳನ್ನು ಎತ್ತಿಕೊಂಡು, 'ಹೆಂಗಿತ್ತು ಪುಟ್ಟಿ? ಎಂತೆಂತ ಮಾಡಿದ್ರಿ?' ಎಂದು ಕೇಳಿದಳು.

ಮಗು ಅಮ್ಮನ ಹೆಗಲ ಮೇಲಿಂದ ಮೊದಲು ನನ್ನ ಮುಖ ನೋಡಿತು, ಇಲ್ಲಿ ಏನು ಹೇಳಬೇಕು ಎಂದು ಕೇಳುವ ಹಾಗೆ. ನಾನು ಸುಮ್ಮನೆ ನಿಂತೆ. ಅದಕ್ಕೆ ಉತ್ತರ ಸಿಕ್ಕಿತು.

'ಚೆನ್ನಾಗಿತ್ತು' ಎಂದಿತು.